ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ: ಅದು ತಗಣಿಯೋ, ಕಾರ್ಪೆಟ್ ಹುಳವೋ?

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ನಮ್ಮ ಮಂದಿ ಬಾಡಿಗೆ ಮನೆಯಲ್ಲಿ ಮೈ ತುರಿಸಿತೆಂದರೆ ತಗಣಿ ಎಂದು ಹೆದರಿ ಗಾದಿಯನ್ನೇ ಹೊರಗೆಸೆಯುತ್ತಾರೆ. ತಡೀರಿ, ಮೊದಲು ನೋಡ್ರಿ. ತಗಣಿ ಚಪ್ಪಟೆ, ಕೆಂಗಂದು. ಗಾದಿಯ ಹೊಲಿಗೆಯಲ್ಲಿ ಕರೀ ಚುಕ್ಕೆ ಬಿಟ್ಟಿರುತ್ತದೆ. ಅದೇನೂ ಕಾಣದೆ, ಬೇಸಿಗೆಯ ಮುಂಚೆ ಕಿಟಕಿಯ ಅಂಚಿನಲ್ಲಿ 2-3 ಮಿಲಿಮೀಟರಿನ ಗುಂಡನೆಯ ಹುಳ, ಬೆನ್ನ ಮೇಲೆ ಬಿಳಿ-ಹಳದಿ-ಕಂದು ಮಚ್ಚೆ ಕಂಡರೆ ಅದು ಕಾರ್ಪೆಟ್ ಬೀಟಲ್. ಹೂವಿನ ಪರಾಗಕ್ಕೆಂದು ಹೊರಗೆ ಹೊರಟದ್ದು. ಬಟ್ಟೆ ತಿನ್ನುವುದು ಅದರ ಮರಿ.

ಮರಿ 4-5 ಮಿಲಿಮೀಟರ್, ಕಂದು ಪಟ್ಟಿ, ಮೈತುಂಬ ಕೂದಲು. ಸಣ್ಣ ಕಂಬಳಿಹುಳವೆಂದೇ ತಿಳೀರಿ. ಕಚ್ಚುವುದಿಲ್ಲ, ಆದರೆ ಆ ಕೂದಲು ತಾಗಿ ಕೆಲವರಿಗೆ ದದ್ದು ಏಳುತ್ತವೆ. ಬೆಳಕಿಗೆ ಬಾರದು. ಕಾರ್ಪೆಟ್ಟಿನ ಅಂಚು, ಕಪಾಟಿನ ಹಿಂದು, ಮಂಚದ ಕೆಳಗಿನ ಸೂಟ್‌ಕೇಸಿನಲ್ಲಿ ಹುಡುಕ್ರಿ. ಕಳಚಿದ ಪೊರೆ ಸಿಕ್ಕರೂ ಗುರುತು ಸಿಕ್ಕಂತೆ. ಬಲೆಯಂಥ ಎಳೆ ಕಂಡರೆ ಮಾತ್ರ ಅದು ಬಟ್ಟೆ ತಿನ್ನುವ ಪತಂಗದ ಮರಿಯ ಕೆಲಸ.

ಉಣ್ಣೆ, ರೇಷ್ಮೆ, ತೊಗಲು ಕಾರ್ಪೆಟ್ ಬೀಟಲ್ ಮರಿಯ ಆಹಾರ. ನವಲಗುಂದದ ಜಮಖಾನಿ, ಕೌದಿ ಹತ್ತಿಯವು, ಬೆವರು-ಎಣ್ಣೆ ಇರದಿದ್ದರೆ ಉಳಿಯುತ್ತವೆ. ಕುರುಬರ ಕಂಬಳಿ ಉಳಿಯುವುದಿಲ್ಲ. ಹಾರ್ಮೋನಿಯಂ ತಿದಿಯ ತೊಗಲು, ತಬಲಾದ ಮೇಲೆ ಬಿಗಿದ ತೊಗಲು ಕೂಡ ನೋಡ್ರಿ. ನಮ್ಮ ಬಳಗದ ಒಬ್ಬ ಅಕ್ಕಾವರು ತೀರಿಹೋದ ತಾಯಿಯ ಇಳಕಲ್ ಸೀರೆಯನ್ನು ಜೋಪಾನವೆಂದು ಕಟ್ಟಿಟ್ಟಿದ್ದರು. ಮಗಳು ಉಡಲು ತೆಗೆದಾಗ ಹತ್ತಿಯ ಒಡಲು ಹಾಗೇ ಇತ್ತು. ರೇಷ್ಮೆಯ ಸೆರಗು, ರೇಷ್ಮೆ ಎಳೆಯ ಕಸೂತಿ ಹೋಗಿದ್ದವು. ‘ಅಂಥದ್ದೇ ಇನ್ನೊಂದು ತರಿಸಮ್ಮಾ’ ಅಂದಳು ಹುಡುಗಿ. ಅವಳದೇನೂ ತಪ್ಪಿಲ್ಲ. ಆ ಗೋಪುರ, ತೇರು, ಆನೆ ಹಾಕಿದ್ದು ಅಜ್ಜಿಯ ಕೈ ಎಂದು ಅವಳಿಗೆ ಯಾರೂ ತೋರಿಸಿರಲಿಲ್ಲ. ಊರನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಮಕ್ಕಳಿಗೆ ಅದು ಬರೀ ಬಟ್ಟೆ. ಹಬ್ಬಕ್ಕೆ ಉಡ್ರಿ, ಮಕ್ಕಳನ್ನು ಕೂಡಿಸಿಕೊಂಡು ಮಡಿಕೆ ಬದಲಿಸ್ರಿ. ಬೆಳಕಿಗೆ ಬರುವ ಬಟ್ಟೆಯಲ್ಲಿ ಈ ಮರಿ ನೆಲೆ ನಿಲ್ಲುವುದು ಕಷ್ಟ.

ಹುಳ ಸಿಕ್ಕರೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು −18 ಡಿಗ್ರಿ ಫ್ರೀಜರಿನಲ್ಲಿ ಎರಡು ವಾರ ಇಡ್ರಿ. ಹೊರತೆಗೆದ ಮೇಲೆ ತಂಪು ಇಳಿಯುವವರೆಗೆ ಚೀಲ ಬಿಚ್ಚಬ್ಯಾಡ್ರಿ, ಸೆರಗಿಗೆ ನೀರು ಹತ್ತುತ್ತದೆ. ಕಾರ್ಪೆಟ್ಟಿನ ಅಂಚಿಗೆ ವ್ಯಾಕ್ಯೂಮ್ ಹೊಡೆದು ಚೀಲವನ್ನು ಅಂದೇ ಹೊರಗೆ ಹಾಕ್ರಿ. ಊರಿನ ನ್ಯಾಫ್ತಲಿನ್ ಗುಳಿಗೆ ತರಬ್ಯಾಡ್ರಿ, ಇಲ್ಲಿ ಮಾರಾಟಕ್ಕೇ ಬಿಡುವುದಿಲ್ಲ. ಮನೆ ಮಾಲೀಕರಿಗೆ ಫೋಟೋ ಸಮೇತ ಈಮೇಲ್ ಹಾಕ್ರಿ. ಮತ್ತೆ ಮತ್ತೆ ಬಂದರೆ ಚಿಮಣಿಯಲ್ಲೋ ಮಾಳಿಗೆಯಲ್ಲೋ ಹಳೆಯ ಹಕ್ಕಿಗೂಡು ಇದೆಯೇ ಎಂದು ನೋಡಿಸ್ರಿ. ಅಲ್ಲಿಯ ಪುಕ್ಕ ತಿಂದೇ ಅವು ಬೆಳೆಯುತ್ತವೆ.