ವರ್ಚುವಲ್‌ಬಾಕ್ಸ್ ಬಳಸುವವರಿಗೆ: ಬೂಟ್ ಆರ್ಡರ್ ಮತ್ತು ಯುಎಸ್‌ಬಿ ಪ್ರಿಂಟರ್
ತೀರ್ಥಹಳ್ಳಿ, ಸಾಗರದ ಕಡೆ ಅಡಿಕೆ ಲೆಕ್ಕದ ಹಳೇ ಸಾಫ್ಟ್‌ವೇರ್‌ಗಾಗಿ ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್) ಹಳೇ ವಿಂಡೋಸ್ ಇಟ್ಟುಕೊಂಡವರು ಇದನ್ನು ಒಮ್ಮೆ ಓದಿ.

ವಿಂಡೋಸ್ ಹಾಕಿ ಮುಗಿದ ಮೇಲೂ ಇನ್‌ಸ್ಟಾಲ್ ಪರದೆಯೇ ಬರ್ತಿದ್ದರೆ ಗಾಬರಿ ಬೇಡ. ಐಎಸ್‌ಒ ಫೈಲ್ (ವಿಂಡೋಸ್ ಹಾಕಲು ಬಳಸಿದ ಸಿಡಿಯ ನಕಲು) ಇನ್ನೂ ಡ್ರೈವ್‌ನಲ್ಲೇ ಇದೆ, ಅಷ್ಟೇ. ಸೆಟ್ಟಿಂಗ್ಸ್‌ನ ಸ್ಟೋರೇಜ್‌ನಲ್ಲಿ ಅದನ್ನು ತೆಗೆಯಿರಿ. ಸಿಸ್ಟಮ್‌ನ ಬೂಟ್ ಆರ್ಡರ್‌ನಲ್ಲಿ (ಯಾವುದರಿಂದ ಮೊದಲು ಶುರುವಾಗಬೇಕು ಎಂಬ ಪಟ್ಟಿ) ಹಾರ್ಡ್ ಡಿಸ್ಕ್ ಮೇಲಕ್ಕೆ ತನ್ನಿ. ಫ್ಲಾಪಿಯ ಟಿಕ್ ಸುಮ್ನೆ ಯಾಕೆ, ತೆಗೆದುಬಿಡಿ.

ಈ ಆಯ್ಕೆಗಳು ಮಸುಕಾಗಿ ಕಂಡು ಬದಲಿಸಲು ಬಿಡದಿದ್ದರೆ, ಮೆಷಿನ್ (ಆ ಒಳಗಿನ ಕಂಪ್ಯೂಟರ್) 'ಸೇವ್ಡ್', ಅಂದರೆ ಇದ್ದಂತೆಯೇ ನಿಲ್ಲಿಸಿಟ್ಟ ಸ್ಥಿತಿಯಲ್ಲಿದೆಯಾ ನೋಡಿ. ನಮ್ಮ ಮಳೆಗಾಲದಲ್ಲಿ ಯುಪಿಎಸ್ ಕೂಗಿದ ಕೂಡಲೇ ಸೇವ್ ಮಾಡಿ ಮುಚ್ಚುವುದು ಒಳ್ಳೆಯ ಅಭ್ಯಾಸವೇ. ಆದರೆ ಸೆಟ್ಟಿಂಗ್ ಬದಲಿಸುವ ಮುನ್ನ ಮತ್ತೆ ತೆರೆದು, ಕೆಲಸ ಉಳಿಸಿ, ಒಳಗಿನ ವಿಂಡೋಸನ್ನು ಪೂರ್ತಿ ಶಟ್‌ಡೌನ್ ಮಾಡಬೇಕು. 'ಡಿಸ್ಕಾರ್ಡ್' ಮಾತ್ರ ಒತ್ತಬೇಡಿ. ಬರೆಯುತ್ತಿದ್ದ ಲೆಕ್ಕ ಹೋಗಿಬಿಡುತ್ತದೆ.

ಪ್ರಿಂಟರ್ ಪ್ರತಿ ಸಲ ಡಿವೈಸಸ್ ಮೆನುವಿನಿಂದ ಜೋಡಿಸುವುದು ಬೇಜಾರು ಅಲ್ವಾ? ಪ್ರಿಂಟರ್ ಚುಚ್ಚಿಟ್ಟು, ಯುಎಸ್‌ಬಿ ಸೆಟ್ಟಿಂಗ್‌ನಲ್ಲಿ ಅದಕ್ಕೊಂದು ಫಿಲ್ಟರ್ (ಯಾವ ಸಾಧನ ಒಳಗೆ ಸೇರಬೇಕು ಎಂಬ ಗುರುತು) ಸೇರಿಸಿ. ಮೆಷಿನ್ ಶುರುವಾದಾಗ ತಾನೇ ಒಳಗೆ ಸೇರುತ್ತದೆ. ಆಗ ಹೊರಗಿನ ಕಂಪ್ಯೂಟರ್‌ಗೆ ಅದು ಸಿಗುವುದಿಲ್ಲ. ಹಾಗಾಗಿ ಖಾಲಿ ಫಿಲ್ಟರ್ ಹಾಕಬೇಡಿ, ಮೌಸ್ ಪೆನ್‌ಡ್ರೈವ್ ಎಲ್ಲವನ್ನೂ ಅದು ಎಳೆದುಕೊಳ್ಳಬಹುದು. ಹೊರಗೆ ಲಿನಕ್ಸ್ ಇರುವವರು ತಮ್ಮ ಹೆಸರನ್ನು 'ವಿಬಾಕ್ಸ್‌ಯೂಸರ್ಸ್' (vboxusers) ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಬನ್ನಿ.