ಸೆಂಟ್ರಲ್ ಲೈನ್ ಕಿತ್ತು ಬರದ ಹಾಗೆ ನೋಡಿಕೊಳ್ಳುವುದು ಹೇಗೆ

ಸೆಂಟ್ರಲ್ ಲೈನ್ ಅಂದರೆ ಔಷಧ ಕೊಡಲು ಕುತ್ತಿಗೆ, ಎದೆ ಅಥವಾ ತೊಡೆಯ ದೊಡ್ಡ ರಕ್ತನಾಳದೊಳಗೆ ಹಾಕುವ ತೆಳು ನಳಿಕೆ. ಅದು ತಾನಾಗಿಯೇ ಜಾರಿ ಬರುವುದಕ್ಕಿಂತ, ಅದಕ್ಕೆ ಜೋಡಿಸಿದ ಡ್ರಿಪ್ ಟ್ಯೂಬು ಎಳೆದು ಕಿತ್ತು ಬರುವುದೇ ಜಾಸ್ತಿ. ಮಗ್ಗುಲು ಬದಲಿಸುವಾಗ ಟ್ಯೂಬು ಬೆನ್ನಡಿ ಸಿಕ್ಕಿಕೊಳ್ಳುತ್ತದೆ, ಸ್ಟ್ರೆಚರ್‌ಗೆ ಎತ್ತುವಾಗ ಔಷಧ ಹರಿಸುವ ಪಂಪ್ ಹಿಂದೆಯೇ ಉಳಿದಿರುತ್ತದೆ. ಹಾಗಾಗಿ ಹೊಲಿಗೆ ಹಾಕಿದ್ದಾರಲ್ಲ ಅಂತ ಸುಮ್ಮನಿರಬೇಡಿ. ದಿನ ಕಳೆದಂತೆ ಹೊಲಿಗೆ ಸಡಿಲವಾಗಬಹುದು, ಜೋರಾಗಿ ಎಳೆದರೆ ಚರ್ಮವನ್ನೇ ಹರಿದುಕೊಂಡು ಬರಬಹುದು.

ಪ್ರತಿ ಡ್ಯೂಟಿ ಶುರುವಾದಾಗ ಮೊದಲು ಲೈನ್ ಮೇಲಿರುವ ಸೆಂಟಿಮೀಟರ್ ಗುರುತು ನೋಡಿ. ಹಾಕಿದ ದಿನ ಚರ್ಮದ ಹತ್ತಿರ ಎಷ್ಟಿತ್ತು, ಈಗ ಎಷ್ಟಿದೆ? ಆ ಸಂಖ್ಯೆ ಚಾರ್ಟ್‌ನಲ್ಲಿ ಇರಲೇಬೇಕು, ಇಲ್ಲದಿದ್ದರೆ ಲೈನ್ ಅರ್ಧ ಹೊರಗೆ ಬಂದಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ.

ಆಮೇಲೆ ಡ್ರೆಸ್ಸಿಂಗ್. ಪಾರದರ್ಶಕ ಡ್ರೆಸ್ಸಿಂಗನ್ನು ಸಾಮಾನ್ಯವಾಗಿ 7 ದಿನಕ್ಕೊಮ್ಮೆ, ಗಾಜ್ (ಬ್ಯಾಂಡೇಜಿನ ಬಟ್ಟೆ) ಇದ್ದರೆ 2 ದಿನಕ್ಕೊಮ್ಮೆ ಬದಲಿಸುತ್ತಾರೆ. ಆದರೆ ಅಂಚು ಎದ್ದಿದ್ದರೆ, ಬೆವರಿನಿಂದ ಒದ್ದೆಯಾಗಿದ್ದರೆ, ಕೆಳಗೆ ರಕ್ತ ಕಂಡರೆ ದಿನ ಲೆಕ್ಕ ಹಾಕುತ್ತಾ ಕೂರಬೇಡಿ, ಆಗಲೇ ಬದಲಿಸಿ. ಎದ್ದ ಅಂಚಿನ ಮೇಲೆ ಇನ್ನೊಂದು ಟೇಪ್ ಅಂಟಿಸುವುದು ಪರಿಹಾರವಲ್ಲ. ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕ ಹಚ್ಚಿದ ಮೇಲೆ ಅದು ತಾನಾಗಿ ಪೂರ್ತಿ ಒಣಗಲಿ. ಹಸಿ ಚರ್ಮಕ್ಕೆ ಏನೂ ಗಟ್ಟಿಯಾಗಿ ಅಂಟುವುದಿಲ್ಲ, ಅವಸರದಲ್ಲಿ ನಾವು ತಪ್ಪಿಸಿಬಿಡುವುದು ಇದನ್ನೇ. ಕೂದಲು ಇದ್ದರೆ ಕ್ಲಿಪ್ಪರ್‌ನಿಂದ ಕತ್ತರಿಸಿ, ರೇಜರ್ ಬೇಡ. ಹಳೆಯ ಡ್ರೆಸ್ಸಿಂಗ್ ಬಿಚ್ಚುವುದೇ ದೊಡ್ಡ ಅಪಾಯದ ಹೊತ್ತು. ಒಂದು ಕೈ ಲೈನ್ ಮೇಲಿರಲಿ, ಇನ್ನೊಂದು ಕೈಯಿಂದ ಡ್ರೆಸ್ಸಿಂಗನ್ನು ಲೈನ್ ಒಳಹೋದ ಜಾಗದ ಕಡೆಗೇ ನಿಧಾನವಾಗಿ ಸುಲಿಯಿರಿ.

ಇನ್ನು ಟ್ಯೂಬಿನ ಭಾರ. ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದು ಇದೇ. ಟ್ಯೂಬನ್ನು ಒಂದು ಸಡಿಲ ಸುತ್ತು ಸುತ್ತಿ, ಡ್ರೆಸ್ಸಿಂಗ್‌ನಿಂದ ಸ್ವಲ್ಪ ದೂರದಲ್ಲಿ ಎದೆ ಅಥವಾ ತೋಳಿನ ಚರ್ಮಕ್ಕೇ ಎರಡನೇ ಟೇಪ್ ಹಾಕಿ. ಆಗ ಯಾರಾದರೂ ಎಳೆದರೆ ಮೊದಲು ಆ ಸುತ್ತು ಬಿಚ್ಚಿಕೊಳ್ಳುತ್ತದೆ, ಹೊಲಿಗೆಯ ಮೇಲೆ ಎಳೆತ ಬೀಳುವುದಿಲ್ಲ. ದಿಂಬಿಗೆ, ಬೆಡ್ಡಿನ ಕಂಬಿಗೆ, ರೋಗಿಯ ಬಟ್ಟೆಗೆ ಕಟ್ಟಲೇಬೇಡಿ. ಬೇಡದ ಇನ್‌ಫ್ಯೂಷನ್ (ಡ್ರಿಪ್) ತೆಗೆಸಿ. ತೊಡೆಯ ಲೈನ್ ಇದ್ದರೆ ಕಾಲು ಮಡಚುವಾಗೆಲ್ಲ ಅದು ಅಲುಗುತ್ತದೆ, ಅದರ ಮೇಲೆ ಇನ್ನೂ ಒಂದು ಕಣ್ಣಿರಲಿ.

ರೋಗಿಯನ್ನು ಸಾಗಿಸುವಾಗ ಒಬ್ಬರ ಕೆಲಸ ಲೈನ್ ನೋಡುವುದಷ್ಟೇ, ಅವರು ಬೇರೆ ಏನನ್ನೂ ಎತ್ತಬಾರದು. ಎಲ್ಲಾ ಟ್ಯೂಬು ಹೋಗುವ ಕಡೆಗೆ ಬಂತಾ, ಪಂಪ್ ಬಂತಾ ಅಂತ ನೋಡಿ ಅವರು "ಸರಿ" ಅಂದ ಮೇಲೇ ಎತ್ತಬೇಕು.

ಗೊಂದಲದಲ್ಲಿರುವ ರೋಗಿ ಲೈನ್ ಕೀಳಲು ಹೋದರೆ ಅದು ಹಟ ಅಂದುಕೊಳ್ಳಬೇಡಿ. ನೋವು, ಕಟ್ಟಿಕೊಂಡ ಮೂತ್ರ, ಉಸಿರಾಟದ ತೊಂದರೆ, ನಿದ್ದೆ ಇಲ್ಲದಿರುವುದು, ಅಥವಾ ಡ್ರೆಸ್ಸಿಂಗ್ ಕೆಳಗಿನ ತುರಿಕೆ, ಇವೆಲ್ಲ ಕಾರಣ ಆಗಿರಬಹುದು, ಮೊದಲು ಅದನ್ನು ಹುಡುಕಿ. ಕನ್ನಡಕ, ಕಿವಿಯ ಮೆಷಿನ್ ಕೊಡಿ, ಪರಿಚಯದ ಒಬ್ಬರು ಪಕ್ಕದಲ್ಲಿರಲಿ, ಟ್ಯೂಬು ಕಣ್ಣಿಗೆ ಬೀಳದ ಹಾಗೆ ಇಡಿ. ಕೈ ಕಟ್ಟುವುದು ಕೊನೆಯ ದಾರಿ. ಕಟ್ಟಿದರೆ ಕೆಲವರ ಗೊಂದಲ ಇನ್ನೂ ಜಾಸ್ತಿ ಆಗುತ್ತದೆ.

ಇಷ್ಟಾದರೂ ಸ್ವಲ್ಪ ಹೊರಗೆ ಬಂತು ಅಂದರೆ, ಒಳಗೆ ತಳ್ಳಲೇಬೇಡಿ. ಹೊರಗಿದ್ದ ಭಾಗದ ಜೊತೆ ಸೋಂಕೂ ಒಳಗೆ ಹೋಗುತ್ತದೆ. ಇದ್ದಲ್ಲೇ ಹಿಡಿದು ಟೇಪ್ ಹಾಕಿ, ಡಾಕ್ಟರನ್ನು ಕರೆಯಿರಿ, ತುದಿ ಎಲ್ಲಿದೆ ಅಂತ ಖಚಿತವಾಗುವವರೆಗೆ ಅದರಲ್ಲಿ ಏನನ್ನೂ ಬಿಡಬೇಡಿ. ನಾರ್‌ಅಡ್ರಿನಲಿನ್‌ನಂಥ ಬಿಪಿ ಏರಿಸುವ ಔಷಧ ಓಡುತ್ತಿದ್ದರೆ ಇನ್ನೊಂದು ದಾರಿ ತಕ್ಷಣ ಬೇಕು, ಏಕೆಂದರೆ ನಿಂತರೆ ಬಿಪಿ ಬೀಳುತ್ತದೆ, ಚರ್ಮದ ಕೆಳಗೆ ಸೋರಿದರೆ ಮಾಂಸ ಸಾಯುತ್ತದೆ.

ಪೂರ್ತಿ ಕಿತ್ತು ಬಂದರೆ ರೋಗಿಯನ್ನು ಕೂಡಲೇ ಚಪ್ಪಟೆಯಾಗಿ ಮಲಗಿಸಿ, ಸಹಾಯಕ್ಕೆ ಕೂಗಿ, ಗಾಜ್ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ರಕ್ತ ಹೋಗುವುದಷ್ಟೇ ಅಲ್ಲ, ಆ ತೂತಿನಿಂದ ಗಾಳಿ ರಕ್ತನಾಳಕ್ಕೆ ಸೇರಬಹುದು, ಕುತ್ತಿಗೆಯ ಲೈನ್ ಆದರೆ ಕೂತಿರುವಾಗ ಆ ಅಪಾಯ ಜಾಸ್ತಿ. ರಕ್ತ ನಿಂತ ಮೇಲೆ ಗಾಳಿ ಹೋಗದಂಥ ಡ್ರೆಸ್ಸಿಂಗ್ ಹಾಕಿ. ಥಟ್ಟನೆ ಉಸಿರು ಕಟ್ಟಿದರೆ ಎಡಮಗ್ಗುಲಿಗೆ ತಲೆ ತಗ್ಗಿಸಿ ಮಲಗಿಸಿ, ಆಕ್ಸಿಜನ್ ಕೊಡಿ. ಕಿತ್ತು ಬಂದ ಲೈನನ್ನು ಎಸೆಯಬೇಡಿ. ತುದಿ ಪೂರ್ತಿ ಇದೆಯಾ, ಮುರಿದು ಒಳಗೆ ಉಳಿದಿದೆಯಾ ಅಂತ ಡಾಕ್ಟರಿಗೆ ತೋರಿಸಿ.