ಊರಿನ ಹೋರಾಟಕ್ಕೆ ಇಳಿಯುವವರಿಗೆ: ವಾರ್ಡ್ ಸಭೆಯಿಂದ ಅಹವಾಲು ಸಭೆಯವರೆಗೆ

ಉತ್ತರ ಕನ್ನಡದವರಿಗೆ ಬೀದಿಗಿಳಿಯುವುದನ್ನು ಯಾರೂ ಕಲಿಸಬೇಕಿಲ್ಲ. 1930ರಲ್ಲಿ ಅಂಕೋಲೆಯ ಉಪ್ಪಿನ ಸತ್ಯಾಗ್ರಹ, 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯಲ್ಲಿ ಹುಟ್ಟಿದ, ಮರ ಅಪ್ಪಿ ಕಾಡು ಉಳಿಸುವ ಅಪ್ಪಿಕೋ ಚಳವಳಿ, ಈಚೆಗೆ ಕಾರವಾರ ಬಂದರಿನ ವಿಸ್ತರಣೆ, ಹೊನ್ನಾವರದ ಕಾಸರಕೋಡ ಟೊಂಕದ ಬಂದರು, ಶರಾವತಿ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಗಳ ವಿರುದ್ಧದ ಹೋರಾಟ ಹೀಗೆ ಒಂದಾದ ಮೇಲೊಂದು. ನಾವು ಎಡವುವುದು ಕಾಗದದಲ್ಲಿ. ಐನೂರು ಜನ ಗಂಟಲು ಹರಿಯುವಂತೆ ಕೂಗಿ ಮನೆಗೆ ಹೋದರೂ ಕಚೇರಿಯ ಕಡತದಲ್ಲಿ ಅದರ ಒಂದು ಸಾಲೂ ಇರುವುದಿಲ್ಲ. ಮುಂದೆ ನ್ಯಾಯಾಲಯವಾಗಲಿ, ದಿಲ್ಲಿಯ ತಜ್ಞರ ಸಮಿತಿಯಾಗಲಿ ನೋಡುವುದು ಆ ಕಡತವನ್ನೇ.

ವಿಷಯ ಮೊದಲು, ಸಮಿತಿ ಆಮೇಲೆ

ಐದಾರು ಜನ ಸೇರಿದರೆ ಸಾಕು, ಆದರೆ ವಿಷಯ ಒಂದೇ ಇರಲಿ. "ನಮ್ಮೂರಿಗೆ ಅನ್ಯಾಯವಾಗಿದೆ" ಎಂದರೆ ಯಾವ ಅಧಿಕಾರಿಗೂ ಮಾಡಲು ಕೆಲಸವಿರುವುದಿಲ್ಲ. "ಖಾರ್‌ಲ್ಯಾಂಡ್ ಕಟ್ಟೆ (ಉಪ್ಪುನೀರು ತಡೆಯುವ ಒಡ್ಡು) ಒಡೆದು ಗಜನಿಗೆ (ಅಳಿವೆ ಬದಿಯ ಗದ್ದೆಗೆ) ಉಪ್ಪುನೀರು ನುಗ್ಗುತ್ತಿದೆ, ಮುಂದಿನ ಮಳೆಗಾಲದೊಳಗೆ ದುರಸ್ತಿಯಾಗಬೇಕು" ಎಂದರೆ ಇಲಾಖೆ, ಜಾಗ, ಗಡುವು ಮೂರೂ ಗೊತ್ತಾಗುತ್ತವೆ.

ಸಂಘ ನೋಂದಣಿಗೆ ಅವಸರ ಮಾಡಬೇಡಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಬೇಕು, ವರ್ಷವರ್ಷವೂ ಲೆಕ್ಕ ಸಲ್ಲಿಸಬೇಕು. ಮನವಿ ಕೊಡುವುದಕ್ಕೆ, ಪ್ರಶ್ನೆ ಕೇಳುವುದಕ್ಕೆ ಅದ್ಯಾವುದೂ ಬೇಕಿಲ್ಲ. ಬೇಕಾಗಿರುವುದು ಒಂದು ರಸೀದಿ ಪುಸ್ತಕ ಮತ್ತು ಹಣ ಹಿಡಿಯುವ ಇಬ್ಬರು. ಆ ಇಬ್ಬರು ಒಂದೇ ಮನೆಯವರಾಗಿರಬಾರದು. ಸಮಿತಿಗಳು ಒಡೆಯುವುದು ಹೆಚ್ಚಾಗಿ ವಂತಿಗೆ ಲೆಕ್ಕಕ್ಕೇ. ಸಿದ್ಧಾಂತದ ಮಾತು ಆಮೇಲೆ ಬರುತ್ತದೆ.

ಸಭೆ ಕರೆಯುವ ಮುನ್ನ ಊರಿನ ಕೆಲಸದ ಹಂಗಾಮು ನೋಡಿ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಮೀನುಗಾರರು ದಡದಲ್ಲಿ ಸಿಗುವುದು ಆಗಲೇ. ಘಟ್ಟದ ಮೇಲೆ ಅಡಿಕೆ ಕೊನೆ ಕೊಯ್ಲು ಶುರುವಾಯಿತೆಂದರೆ ಹಗಲು ಯಾರೂ ಬರುವುದಿಲ್ಲ, ಸಂಜೆ ಸುಲಿಯುವ ಕೆಲಸ ಕಾಯುತ್ತಿರುತ್ತದೆ. ಮೀನು ಮಾರುವ ಹೆಂಗಸರು ಬರಬೇಕೆಂದರೆ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಡಬೇಡಿ. ಕಾರವಾರದ ಕಡೆ ಮಾತು ಕೊಂಕಣಿಯಲ್ಲೇ ನಡೆಯಲಿ, ಠರಾವು ಕನ್ನಡದಲ್ಲಿ ಬರೆಯಿರಿ.

ವಾರ್ಡ್ ಸಭೆ, ಗ್ರಾಮಸಭೆ

ವಾರ್ಡ್ ಸಭೆಯೂ ಗ್ರಾಮಸಭೆಯೂ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು. ವಾರ್ಡ್ ಸಭೆಯ ಕೋರಂ (ಇರಲೇಬೇಕಾದ ಕನಿಷ್ಠ ಹಾಜರಿ) ಆ ವಾರ್ಡಿನ ಮತದಾರರ ಹತ್ತನೇ ಒಂದು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅದು. ಗ್ರಾಮಸಭೆಗೆ ಹತ್ತನೇ ಒಂದು ಭಾಗ ಅಥವಾ 100 ಜನ. ಅಂದರೆ ನಿಮ್ಮ ಕೇರಿಯಿಂದ 25 ಜನ ಹೋದರೆ ವಾರ್ಡ್ ಸಭೆ ನಿಮ್ಮದೇ. ಹಾಗಿದ್ದೂ ಹೆಚ್ಚಿನವರು ಗ್ರಾಮಸಭೆಗೆ ಬಂದು ಕೂಗಾಡಿ ಹೋಗುತ್ತಾರೆ, ವಾರ್ಡ್ ಸಭೆಯ ದಿನ ಮನೆಯಲ್ಲಿರುತ್ತಾರೆ.

ದಿನಾಂಕವನ್ನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಂದ ಮೊದಲೇ ತಿಳಿದುಕೊಳ್ಳಿ. ನಿಮ್ಮ ವಿಷಯವನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಠರಾವನ್ನು ನೀವೇ ನಾಲ್ಕು ಸಾಲಿನಲ್ಲಿ ಬರೆದುಕೊಂಡು ಹೋಗಿ, ಓದಿ, ಒಬ್ಬರು ಸೂಚಿಸಿ ಇನ್ನೊಬ್ಬರು ಅನುಮೋದಿಸಿ. ನಡಾವಳಿ ಪುಸ್ತಕದಲ್ಲಿ ಏನು ಬರೆದರೆಂದು ಅಲ್ಲೇ ಓದಿಸಿ. "ಚರ್ಚಿಸಲಾಯಿತು" ಎಂದಿದ್ದರೆ ಅದರಿಂದ ಏನೂ ಹುಟ್ಟುವುದಿಲ್ಲ. "ತೀರ್ಮಾನಿಸಲಾಯಿತು" ಎಂದಿರಬೇಕು, ಜೊತೆಗೆ ಯಾರು, ಎಂದಿನೊಳಗೆ ಮಾಡಬೇಕೆಂದೂ ಇರಬೇಕು. ಹಾಜರಿ ಸಹಿಯ ಕೆಳಗೆ ಖಾಲಿ ಜಾಗ ಬಿಟ್ಟಿದ್ದರೆ ಗೆರೆ ಎಳೆಯಿರಿ. ಸಭೆ ಮುಗಿದ ಮೇಲೆ ಪುಸ್ತಕ ಮನೆಮನೆಗೆ ಸುತ್ತುವುದೂ ಉಂಟು. ವಾರದೊಳಗೆ ನಡಾವಳಿಯ ದೃಢೀಕೃತ ನಕಲು ಕೇಳಿ.

ಸಭೆಯನ್ನೇ ಕರೆಯದಿದ್ದರೆ ಮತದಾರರಲ್ಲಿ ಶೇ 10 ಜನ ಸಹಿ ಹಾಕಿ, ವಿಷಯಪಟ್ಟಿ ನಮೂದಿಸಿ ವಿಶೇಷ ಸಭೆ ಕೇಳಬಹುದು. ಕಾರವಾರ, ಶಿರಸಿ, ದಾಂಡೇಲಿಯ ಪೇಟೆಯವರಿಗೆ ಈ ಅನುಕೂಲವಿಲ್ಲ. ಅವರು ನಗರಸಭೆಯ ಸದಸ್ಯರ ಮೂಲಕ ವಿಷಯವನ್ನು ಸಾಮಾನ್ಯ ಸಭೆಗೆ ತರಿಸಬೇಕು, ಇಲ್ಲವೇ ನೇರವಾಗಿ ಪೌರಾಯುಕ್ತರಿಗೆ ಬರೆಯಬೇಕು.

ಮನವಿ, ಹಿಂಬರಹ, ಮಾಹಿತಿ ಹಕ್ಕು

ಜಿಲ್ಲಾಧಿಕಾರಿಗೆ ಮನವಿ ಕೊಡುವಾಗ ಫೋಟೊ ತೆಗೆಸಿಕೊಳ್ಳುವುದರ ಮೇಲೆ ಇರುವಷ್ಟು ಗಮನ ಟಪಾಲು ವಿಭಾಗದ ಮೇಲೆ ಇರುವುದಿಲ್ಲ. ಎರಡನೇ ಪ್ರತಿಯ ಮೇಲೆ ಮೊಹರು, ದಿನಾಂಕ, ಸಂಖ್ಯೆ ಬೀಳಬೇಕು. ಆ ಸಂಖ್ಯೆ ಹಿಡಿದು ಹದಿನೈದು ದಿನಕ್ಕೆ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೇಳಿ. ಹಿಂಬರಹದಲ್ಲಿ "ನಿಮ್ಮ ಅರ್ಜಿಯನ್ನು ಇಂಥ ಇಲಾಖೆಗೆ ಕಳಿಸಲಾಗಿದೆ" ಎಂದಷ್ಟೇ ಇದ್ದರೂ ಬೇಸರಪಡಬೇಡಿ, ಮುಂದಿನ ಬಾಗಿಲು ಯಾವುದೆಂದು ಅದು ಬರಹದಲ್ಲೇ ಹೇಳಿರುತ್ತದೆ.

ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ₹10. ಪೋಸ್ಟಲ್ ಆರ್ಡರ್ ಆದೀತು, ಆದರೆ ಯಾರ ಹೆಸರಿಗೆ ಬರೆಯಬೇಕೆಂದು ಕಚೇರಿಯಲ್ಲಿ ಕೇಳಿಕೊಳ್ಳಿ. ಹೆಸರು ತಪ್ಪಿದರೆ ಅದನ್ನೇ ನೆಪ ಮಾಡಿ ವಾಪಸು ಕಳಿಸುತ್ತಾರೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದ. ಸಮಿತಿಯ ಲೆಟರ್‌ಹೆಡ್ಡಿನಲ್ಲಿ ಬರೆಯಬೇಡಿ, ಹಕ್ಕು ಇರುವುದು ನಾಗರಿಕನಿಗೆ. ಒಬ್ಬರ ಹೆಸರು, ಮನೆ ವಿಳಾಸ ಹಾಕಿ. "ಕಟ್ಟೆ ಯಾಕೆ ದುರಸ್ತಿ ಮಾಡಿಲ್ಲ?" ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಏಕೆಂದರೆ ಕಾಯ್ದೆ ಕೊಡುವುದು ಇರುವ ದಾಖಲೆಯನ್ನು, ವಿವರಣೆಯನ್ನಲ್ಲ. ಮಂಜೂರಾದ ಅಂದಾಜುಪಟ್ಟಿ, ಕಾಮಗಾರಿ ಆದೇಶ, ಕಾಮಗಾರಿಯ ಅಳತೆ ಬರೆಯುವ ಎಂ.ಬಿ. ಪುಸ್ತಕದ ಪುಟಗಳು, ಪಾವತಿಯಾದ ಬಿಲ್ಲು ಇವುಗಳ ನಕಲು ಕೇಳಿ, ಎಂದಿನಿಂದ ಎಂದಿನವರೆಗೆ ಎಂದೂ ಹೇಳಿ. ಪುಟಕ್ಕೆ ₹2. 30 ದಿನದೊಳಗೆ ಉತ್ತರ ಬಾರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ.

ಅರಣ್ಯ ಹಕ್ಕಿನ ಅರ್ಜಿ ತಿರಸ್ಕೃತವಾದವರಿಗೆ ಬೇರೆ ಗಡುವಿದೆ. ಗ್ರಾಮಸಭೆಯ ತೀರ್ಮಾನದ ಮೇಲೆ ಉಪವಿಭಾಗ ಮಟ್ಟದ ಸಮಿತಿಗೆ, ಅದರ ತೀರ್ಮಾನದ ಮೇಲೆ ಜಿಲ್ಲಾ ಮಟ್ಟದ ಸಮಿತಿಗೆ ತಲಾ 60 ದಿನ. ತಿರಸ್ಕಾರದ ಕಾರಣವನ್ನು ಬರಹದಲ್ಲಿ ಪಡೆಯದೆ ಮೇಲ್ಮನವಿ ಬರೆಯಲು ಕೂರಬೇಡಿ.

ಮೆರವಣಿಗೆ

ಠಾಣೆಗೆ ವಾರ ಮೊದಲೇ ಬರೆದು ಕೊಡಿ: ಸಮಯ, ಹೊರಡುವ ಜಾಗ, ದಾರಿ, ಅಂದಾಜು ಜನ, ಜವಾಬ್ದಾರರಿಬ್ಬರ ಹೆಸರು. ಧ್ವನಿವರ್ಧಕಕ್ಕೆ ಪ್ರತ್ಯೇಕ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗಡೆ ಹಾಕುವಂತಿಲ್ಲ. ಆ ದಿನ ಬಿಎನ್‌ಎಸ್‌ಎಸ್ 163ನೇ ಕಲಮಿನ (ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಯ 144) ನಿಷೇಧಾಜ್ಞೆ ಇದೆಯೇ ಎಂದು ಹಿಂದಿನ ರಾತ್ರಿಯೇ ವಿಚಾರಿಸಿ.

ಹೆದ್ದಾರಿ 66ನ್ನು ತಡೆಯುವ ಆಸೆ ಎಲ್ಲರಿಗೂ ಬರುತ್ತದೆ. ಹತ್ತು ನಿಮಿಷಕ್ಕೆ ಟಿವಿಯವರು ಬರುತ್ತಾರೆ ನಿಜ, ಪ್ರಕರಣ ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ. ಕ್ರಿಮಿನಲ್ ಕೇಸು ಬಾಕಿಯಿದ್ದರೆ ಪಾಸ್‌ಪೋರ್ಟಿಗೆ ನ್ಯಾಯಾಲಯದ ಅನುಮತಿ ಬೇಕಾಗುತ್ತದೆ. ಭಟ್ಕಳ, ಹೊನ್ನಾವರ ಕಡೆ ಗಲ್ಫಿಗೆ ಹೊರಟ ಹುಡುಗರು ಇರುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ಮುಂದಿನ ಸಾಲಿನಲ್ಲಿ ಯಾರು ನಿಲ್ಲಬೇಕೆಂಬುದನ್ನು ಇದನ್ನು ಲೆಕ್ಕಕ್ಕಿಟ್ಟು ಮೊದಲೇ ತೀರ್ಮಾನಿಸಿ.

ಪರಿಸರ ಅಹವಾಲು ಸಭೆ: 30 ದಿನದ ಕೆಲಸ

ದೊಡ್ಡ ಯೋಜನೆಗಳ ವಿಷಯದಲ್ಲಿ ಊರಿನವರ ಮಾತು ಕಾನೂನಿನ ಪ್ರಕಾರ ದಾಖಲಾಗುವ ಮುಖ್ಯ ಜಾಗ ಇದು. 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆಯಂತೆ ಸಭೆಯ ದಿನವನ್ನು ಒಂದು ರಾಷ್ಟ್ರೀಯ ಪತ್ರಿಕೆ, ಒಂದು ಕನ್ನಡ ಪತ್ರಿಕೆಯಲ್ಲಿ ಪ್ರಕಟಿಸಿ ಕನಿಷ್ಠ 30 ದಿನ ಕೊಡಬೇಕು. ಕರಡು ವರದಿಯೂ ಕನ್ನಡದ ಸಾರಾಂಶವೂ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಸ್ಥಳೀಯ ಸಂಸ್ಥೆಗಳಲ್ಲಿ ನೋಡಲು ಸಿಗಬೇಕು. ಸಿಗದಿದ್ದರೆ ಆ ದಿನವೇ "ಇಂಥ ಕಚೇರಿಯಲ್ಲಿ ಇಂದು ವರದಿ ಇರಲಿಲ್ಲ" ಎಂದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಿರಿ. ಸಭೆಯ ದಿನ ಬಾಯಲ್ಲಿ ಹೇಳಿದರೆ ಅದು ಜಗಳವಾಗುತ್ತದೆ, ಮೊದಲೇ ಬರೆದಿದ್ದರೆ ದಾಖಲೆಯಾಗುತ್ತದೆ.

ವರದಿ ನೂರಾರು ಪುಟವಿರುತ್ತದೆ, ಇಂಗ್ಲಿಷಿನಲ್ಲಿರುತ್ತದೆ. ಪೂರ್ತಿ ಓದಲು ಒಬ್ಬರಿಗೇ ಹೊರಿಸಬೇಡಿ, ಅಧ್ಯಾಯ ಹಂಚಿಕೊಳ್ಳಿ. ಕಾಲೇಜು ಹುಡುಗರಿಗಿಂತ ದೋಣಿಯವರು, ಬೇಸಾಯದವರು ಹಿಡಿಯುವ ತಪ್ಪು ಹೆಚ್ಚು, ಆದ್ದರಿಂದ ಓದಿದ್ದನ್ನು ಅವರ ಮುಂದೆ ಹೇಳಿ. ಯೋಜನೆಯ ಸುತ್ತಲಿನ ಮನೆಗಳೆಷ್ಟು, ದೋಣಿಗಳೆಷ್ಟು, ಮೀನು ಒಣಗಿಸುವ ಜಾಗ ಎಲ್ಲಿ, ಕಡಲಾಮೆ ಮೊಟ್ಟೆಯಿಡುವ ದಂಡೆ ನಕ್ಷೆಯಲ್ಲಿ ಇದೆಯೇ, ಅಘನಾಶಿನಿಯ ಅಳಿವೆಯಾದರೆ ಬಳಚು (ಚಿಪ್ಪುಮೀನು) ಹೆಕ್ಕುವವರ ಹೆಸರಾದರೂ ಬಂದಿದೆಯೇ? ಇನ್ನೊಂದು ಮುಖ್ಯ ಪ್ರಶ್ನೆ, ಮಾದರಿಗಳನ್ನು ಯಾವ ತಿಂಗಳಲ್ಲಿ ತೆಗೆದರು ಎಂಬುದು. ಇಂಥ ವರದಿಗಳಿಗೆ ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಹಂಗಾಮಿನ ಅಂಕಿಅಂಶ ಸಾಕಾಗುತ್ತದೆ. ನಮ್ಮ ಹೊಳೆ, ಕಡಲು, ಗುಡ್ಡ ಮೂರೂ ತಮ್ಮ ಸ್ವಭಾವ ತೋರಿಸುವುದು ಜೂನ್‌ನಿಂದ ಸೆಪ್ಟೆಂಬರಿನಲ್ಲಿ.

ಆಕ್ಷೇಪಣೆ ಬರೆಯುವಾಗ ಒಂದೇ ಪತ್ರವನ್ನು ಐನೂರು ಜೆರಾಕ್ಸ್ ಮಾಡಿ ಸಹಿ ಹಾಕಿಸಬೇಡಿ. ಅವೆಲ್ಲ ಸೇರಿ ಒಂದು ಅಂಶವೆಂದೇ ಬರೆದುಕೊಳ್ಳುತ್ತಾರೆ. ಜನ ಎತ್ತಿದ ವಿಷಯಗಳಿಗೆ ಕಂಪನಿ ಉತ್ತರ ಕೊಡಬೇಕಾಗುತ್ತದೆ; ಐವತ್ತು ಮನೆಯವರು ಐವತ್ತು ಬೇರೆ ಬೇರೆ ವಿಷಯ ಬರೆದರೆ ಐವತ್ತು ಉತ್ತರ ಬರೆಯಬೇಕು. ಒಂದು ಕಾಗದಕ್ಕೆ ಒಂದು ವಿಷಯ, ವರದಿಯ ಪುಟ ಸಂಖ್ಯೆ, ಸರ್ವೆ ನಂಬರ್, ಸಹಿ.

ಸಭೆ ಬಹಿಷ್ಕರಿಸಬೇಕೆ? ಬಹಿಷ್ಕಾರದ ಅರ್ಥ ನಮಗೆ ಗೊತ್ತು, ಆದರೆ ಅಹವಾಲು ಸಭೆಗೆ ಕೋರಂ ಎಂಬುದೇ ಇಲ್ಲ. ಹತ್ತು ಜನ ಕೂತರೂ ಸಭೆ ನಡೆದಂತೆಯೇ. ಹೊರನಡೆಯುವುದಾದರೆ ಬರೆದ ಆಕ್ಷೇಪಣೆಗಳನ್ನು ಒಪ್ಪಿಸಿ, ಸ್ವೀಕೃತಿ ಪಡೆದು ಆಮೇಲೆ ಹೊರನಡೆಯಿರಿ. ಉಳಿದು ಮಾತಾಡುವುದಾದರೆ ಹೆಸರು, ಊರು ಹೇಳಿ ಮೂರು ನಿಮಿಷದಲ್ಲಿ ಮುಗಿಸಿ. ಸಭೆಯ ವಿಡಿಯೊ ಚಿತ್ರೀಕರಣ ಕಡ್ಡಾಯ, ನಿಮ್ಮ ಕಡೆಯಿಂದಲೂ ಒಬ್ಬರು ಮಾಡಿಕೊಳ್ಳಲಿ. ಸಭೆಯ ಕೊನೆಗೆ ನಡಾವಳಿಯ ಸಾರಾಂಶವನ್ನು ಕನ್ನಡದಲ್ಲಿ ಓದಿ ಹೇಳಬೇಕು, ಅಧ್ಯಕ್ಷತೆ ವಹಿಸಿದ ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅದೇ ದಿನ ಸಹಿ ಹಾಕಬೇಕು. ಅಷ್ಟು ಹೊತ್ತಿಗೆ ಮಧ್ಯಾಹ್ನ ದಾಟಿ ಹಸಿವಾಗಿ ಎಲ್ಲರೂ ಎದ್ದುಹೋಗಿರುತ್ತಾರೆ. ಓದುವಾಗ ಕೂತು ಕೇಳಲು ಇಪ್ಪತ್ತು ಜನರನ್ನು ಮೊದಲೇ ಗೊತ್ತುಮಾಡಿ, ಊಟ ಅಲ್ಲಿಗೇ ತರಿಸಿ. ಬಿಟ್ಟುಹೋದದ್ದನ್ನು ಅಲ್ಲೇ ಸೇರಿಸಲು ಕೇಳಿ.

ಇಷ್ಟಾದ ಮೇಲೂ ಅನುಮತಿ ಸಿಕ್ಕಿತೆನ್ನಿ. ಅದರ ವಿರುದ್ಧ ಚೆನ್ನೈಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಮೇಲ್ಮನವಿ ಹೋಗಬೇಕು. ಅವಧಿ 30 ದಿನ. ಸಕಾರಣವಿದ್ದರೆ ಇನ್ನು 60 ದಿನ ಸೇರೀತು, ಆಮೇಲೆ ಬಾಗಿಲು ಮುಚ್ಚಿತು. ಆದ್ದರಿಂದ ಪರಿಸರ ಅನುಮತಿಗಳು ಪ್ರಕಟವಾಗುವ ಪರಿವೇಶ್ ಜಾಲತಾಣವನ್ನು ವಾರಕ್ಕೊಮ್ಮೆ ನೋಡುವ ಕೆಲಸವನ್ನು ಒಬ್ಬರಿಗೆ ವಹಿಸಿ. ಸ್ವೀಕೃತಿ, ಹಿಂಬರಹ, ನಡಾವಳಿ, ವಿಡಿಯೊ ಎಲ್ಲದರ ಎರಡು ಪ್ರತಿ ಎರಡು ಮನೆಯಲ್ಲಿರಲಿ, ಅದರಲ್ಲೊಂದು ಮನೆ ಹೊಳೆ ಏರುವ ಕಡೆಯದಾಗಿರದಿದ್ದರೆ ಒಳ್ಳೆಯದು.